ನೆಲದ ಚದರ ಬೇರೆ, ಮಾಡಿನ ಚದರ ಬೇರೆ

ಮನೆಗೆ, ಕೊಟ್ಟಿಗೆಗೆ ಹೊಸ ಹೆಂಚು ತರುವ ಮುನ್ನ ಲೆಕ್ಕ ನೀವೇ ಹಾಕಿ



ಬೆಳಿಗ್ಗೆ ಸಂಘಕ್ಕೆ ಕ್ಯಾನು ಹಿಡಿದು ಹೋದಾಗ ನಮ್ಮ ಹಾಲನ್ನು ಯಾರೂ ಕಣ್ಣಂದಾಜಿನಲ್ಲಿ ತೆಗೆದುಕೊಳ್ಳುವುದಿಲ್ಲ. ಅಳತೆ ಆಗುತ್ತದೆ, ಫ್ಯಾಟ್ ನೋಡುತ್ತಾರೆ, ಎಸ್‌ಎನ್‌ಎಫ್ ನೋಡುತ್ತಾರೆ, ಕೈಗೆ ಚೀಟಿ ಬರುತ್ತದೆ. ಚೀಟಿಯಲ್ಲಿ ಸ್ವಲ್ಪ ಆಚೀಚೆ ಕಂಡರೂ "ಇದ್ಯಾಕೆ ಹೀಗೆ?" ಎಂದು ಕೇಳುತ್ತೇವೆ. ಆದರೆ ಅದೇ ಹಾಲಿನ ದುಡ್ಡು ಕೂಡಿಟ್ಟು ಮನೆಯ ಹೆಂಚು ಬದಲಿಸಲು ಹೊರಟಾಗ ಮಾತ್ರ ಲೆಕ್ಕವನ್ನು ಬೇರೆಯವರ ಬಾಯಿಗೆ ಬಿಟ್ಟುಬಿಡುತ್ತೇವೆ. ಹಾಗೆ ಬಿಟ್ಟು ನಮ್ಮ ಮನೆಯಲ್ಲಿ ಆದದ್ದನ್ನು ಮೊದಲು ಹೇಳುತ್ತೇನೆ.

ನಮ್ಮದು ಉಬ್ರಾಣಿ ಹೋಬಳಿಯ ಹಳೆಯ ಹೆಂಚಿನ ಮನೆ. ಗೋಡೆಯಿಂದ ಗೋಡೆಗೆ 30 ಅಡಿ ಉದ್ದ, 20 ಅಡಿ ಅಗಲ. ರೀಪಿಗೆ ಗೆದ್ದಲು ಹಿಡಿದಿತ್ತು, ಅರ್ಧಕ್ಕರ್ಧ ಹೆಂಚು ಕೋತಿಗಳ ಕಾಲಿಗೆ ಸಿಕ್ಕಿ ಒಡೆದಿದ್ದವು. ಮಾಡು ಬಿಚ್ಚಿಸಿ ಪೂರ್ತಿ ಹೊಸದು ಹೊದಿಸೋಣ ಎಂದು ಹೊರಟೆವು. ಹೆಂಚಿನ ಅಂಗಡಿಯವರು "ಎಷ್ಟು ಚದರ?" ಎಂದು ಕೇಳಿದರು. "ಆರು ಚದರದ ಮನೆ" ಎಂದೆವು. ಅವರು ಚದರಕ್ಕೆ 150ರಂತೆ 900 ಹೆಂಚು ಲೆಕ್ಕ ಹಾಕಿದರು. ಒಡೆಯುವುದಕ್ಕೆ ಇರಲಿ ಎಂದು ಇನ್ನೂ 50 ಸೇರಿಸಿ 950 ಇಳಿಸಿಕೊಂಡೆವು. ಒಂದು ಮಗ್ಗುಲು ಪೂರ್ತಿ ಮುಗಿದು, ಇನ್ನೊಂದು ಮಗ್ಗುಲಿನಲ್ಲಿ ಐದು ಸಾಲು ಬರುವಷ್ಟರಲ್ಲಿ ಹೆಂಚು ಖಾಲಿ. ಆಗ ಮೇ ತಿಂಗಳ ಕೊನೆ. ಮರುದಿನ ಸಂಜೆಯೇ ರೋಹಿಣಿ ಮಳೆ ಹಿಡಿಯಿತು. ಟಾರ್ಪಾಲು ಗಾಳಿಗೆ ಹಾರಿತು. ಅಟ್ಟದ ಮೇಲಿದ್ದ ಒಣಹುಲ್ಲು, ಎರಡು ಚೀಲ ಹಿಂಡಿ ನೆನೆದು ಬೂಸ್ಟು ಬಂದವು. ಎರಡನೇ ಲೋಡು ಬಂದದ್ದು ಒಂಬತ್ತು ದಿನದ ಮೇಲೆ, ಅದೂ ಬೇರೆ ಕಾರ್ಖಾನೆಯ ಹೆಂಚು. ಮೊದಲಿನದಕ್ಕೂ ಇದಕ್ಕೂ ಅಂಚು ಸರಿಯಾಗಿ ಕೂಡಲಿಲ್ಲ. ಎರಡೂ ಸೇರುವ ಸಾಲಿನಲ್ಲಿ ಇವತ್ತಿಗೂ ಜೋರು ಮಳೆಗೆ ಸೋರುತ್ತದೆ.

ತಪ್ಪು ಅಂಗಡಿಯವರದ್ದಲ್ಲ. ಅವರು ಕೇಳಿದ್ದು ಮಾಡಿನ ಚದರ, ನಾವು ಹೇಳಿದ್ದು ನೆಲದ ಚದರ. ಈ ಎರಡರ ನಡುವೆ ಎಷ್ಟು ಅಂತರ ಎಂದು ಈ ಲೇಖನದಲ್ಲಿ ನೋಡೋಣ. ಬೇಕಾದದ್ದು ಒಂದು ಅಳತೆ ಟೇಪು, ಒಂದು ನೇರವಾದ ಕೋಲು, ಕಾಗದ, ಪೆನ್ನು. ಗುಣಾಕಾರ ಬಂದರೆ ಸಾಕು. ಮಾಡಿನ ಮೇಲೆ ಹತ್ತುವ ಅಗತ್ಯವಿಲ್ಲ.

ಚದರ ಎಂದರೆ ಎಷ್ಟು?

ನಮ್ಮ ಮೇಸ್ತ್ರಿಗಳ ಬಾಯಲ್ಲಿ ಒಂದು ಚದರ ಎಂದರೆ 100 ಚದರ ಅಡಿ. ಹತ್ತಡಿ ಉದ್ದ, ಹತ್ತಡಿ ಅಗಲದ ಜಾಗ. ಮೀಟರ್ ಲೆಕ್ಕದಲ್ಲಿ ಇದು ಸುಮಾರು 9.3 ಚದರ ಮೀಟರ್. ಅಮೆರಿಕದಲ್ಲಿ ಮನೆಗಳ ಮೇಲೆ ಹೊದಿಸುವ ಡಾಂಬರಿನ ಬಿಲ್ಲೆಗಳನ್ನೂ ಇದೇ 100 ಚದರ ಅಡಿಯ ಲೆಕ್ಕದಲ್ಲೇ ಮಾರುತ್ತಾರೆ. ಆದರೆ ಅಲ್ಲಿ ಆ ಲೆಕ್ಕ ಮಾಡಿನದ್ದು ಮಾತ್ರ. ನಮ್ಮಲ್ಲಿ ಮನೆಯ ನೆಲಕ್ಕೂ ಅದೇ ಹೆಸರು, ಮಾಡಿಗೂ ಅದೇ ಹೆಸರು. ಗೊಂದಲ ಹುಟ್ಟುವುದು ಇಲ್ಲೇ.

ಮಾಡು ನೆಲಕ್ಕಿಂತ ದೊಡ್ಡದಾಗಲು ಎರಡು ಕಾರಣ. ಒಂದು, ಸೂರು ಗೋಡೆಯಿಂದ ಆಚೆಗೆ ಚಾಚಿರುತ್ತದೆ. ಎರಡು, ಮಾಡು ಇಳಿಜಾರಾಗಿರುತ್ತದೆ. ನೆಲದ ಮೇಲೆ ಮಲಗಿಸಿದ ಏಣಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರೆ ಅದು ನೆಲದಲ್ಲಿ ಹಿಡಿಯುವ ಜಾಗ ಕಡಿಮೆಯಾಗುತ್ತದೆ, ಏಣಿಯ ಉದ್ದವೇನೂ ಕಡಿಮೆಯಾಗುವುದಿಲ್ಲ. ಮಾಡೂ ಹಾಗೆಯೇ. ಹೆಂಚು ಹಾಸುವುದು ಏಣಿಯ ಉದ್ದಕ್ಕೆ, ನೆಲದ ಉದ್ದಕ್ಕಲ್ಲ.

ಮೊದಲ ಹೆಜ್ಜೆ: ಸೂರು ಸೇರಿಸಿ ಅಳೆಯಿರಿ

ಮಳೆ ಬಿದ್ದಾಗ ಸೂರಿನ ನೀರು ನೆಲದ ಮೇಲೆ ಗೆರೆ ಕೊರೆದಿರುತ್ತದಲ್ಲ, ಆ ಗೆರೆಯೇ ನಿಮ್ಮ ಮಾಡಿನ ಅಂಚು. ಗೋಡೆಯಿಂದ ಅಳೆಯುವ ಬದಲು ಆ ಗೆರೆಯಿಂದ ಎದುರು ಬದಿಯ ಗೆರೆಗೆ ಅಳೆಯಿರಿ. ಗೆರೆ ಕಾಣದಿದ್ದರೆ ಸೂರಿನ ತುದಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೆಲದಲ್ಲಿ ಗುರುತು ಮಾಡಿಕೊಳ್ಳಿ.

ನಮ್ಮ ಮನೆಯಲ್ಲಿ ಹಿಂದೆ ಮುಂದೆ ಸೂರು ಎರಡೆರಡು ಅಡಿ, ಮಾಡಿನ ಎರಡು ತುದಿಗಳಲ್ಲಿ ಒಂದೂವರೆ ಒಂದೂವರೆ ಅಡಿ ಚಾಚಿದೆ. ಆಗ ಉದ್ದ 30ರ ಜೊತೆ 3 ಸೇರಿ 33 ಅಡಿ, ಅಗಲ 20ರ ಜೊತೆ 4 ಸೇರಿ 24 ಅಡಿ. 33ನ್ನು 24ರಿಂದ ಗುಣಿಸಿದರೆ 792 ಚದರ ಅಡಿ. ಇಳಿಜಾರು ಸೇರಿಸುವ ಮೊದಲೇ ಆರು ಚದರದ ಮನೆ ಸುಮಾರು ಎಂಟು ಚದರ ಆಯಿತು ನೋಡಿ.

ಎರಡನೇ ಹೆಜ್ಜೆ: ಇಳಿಜಾರು ಹಿಡಿಯಿರಿ

ಒಂದಡಿ ಅಡ್ಡ ಹೋದರೆ ಮಾಡು ಎಷ್ಟು ಇಂಚು ಮೇಲೇರುತ್ತದೆ ಎಂಬುದೇ ಇಳಿಜಾರಿನ ಲೆಕ್ಕ. ಇದನ್ನು ಅಟ್ಟದಲ್ಲಿ ನಿಂತು, ಇಲ್ಲವೇ ಕೊಟ್ಟಿಗೆಯ ಒಳಗಿನಿಂದಲೇ ಅಳೆಯಬಹುದು. ಎರಡಡಿ ಉದ್ದದ ನೇರ ಕೋಲಿನ ಒಂದು ತುದಿಯನ್ನು ಪಕಾಸಿನ, ಅಂದರೆ ಇಳಿಜಾರಿಗೆ ಹಾಕಿದ ಮರದ, ತಳಕ್ಕೆ ತಾಗಿಸಿ. ಇನ್ನೊಂದು ತುದಿ ನೆತ್ತಿಯ ಕಡೆಗಿರಲಿ. ಕೋಲನ್ನು ಮಟ್ಟವಾಗಿ ಹಿಡಿಯಿರಿ. ರಸಮಟ್ಟ ಇದ್ದರೆ ಸರಿ. ಇಲ್ಲದಿದ್ದರೆ ಅರ್ಧ ನೀರು ತುಂಬಿದ ಪಾರದರ್ಶಕ ಬಾಟಲಿಯನ್ನು ಕೋಲಿನ ಮೇಲೆ ಅಡ್ಡ ಮಲಗಿಸಿ. ನೀರಿನ ಗೆರೆ ಬಾಟಲಿಯ ಉದ್ದಕ್ಕೂ ಸಮನಾಗಿ ಕಂಡರೆ ಕೋಲು ಮಟ್ಟವಾಗಿದೆ. ಮಕ್ಕಳ ಸ್ಮಾರ್ಟ್‌ಫೋನಿನಲ್ಲೂ ಮಟ್ಟ ನೋಡುವ ಆ್ಯಪ್ ಸಿಗುತ್ತದೆ. ಈಗ ಕೋಲಿನ ನೆತ್ತಿ ಕಡೆಯ ತುದಿಯಿಂದ ನೇರ ಮೇಲಕ್ಕೆ ಪಕಾಸಿನ ತಳದವರೆಗೆ ಎಷ್ಟು ಇಂಚು ಎಂದು ಅಳೆಯಿರಿ. ಅದರ ಅರ್ಧ ಮಾಡಿದರೆ ಒಂದಡಿಗೆ ಎಷ್ಟು ಇಂಚು ಏರಿಕೆ ಎಂಬ ಉತ್ತರ ಸಿಗುತ್ತದೆ. ನಮ್ಮ ಮನೆಯಲ್ಲಿ ಎರಡಡಿಗೆ 14 ಇಂಚು ಬಂತು, ಅಂದರೆ ಒಂದಡಿಗೆ 7 ಇಂಚು.

ಇನ್ನು ಕೆಳಗಿನ ಪಟ್ಟಿಯಲ್ಲಿ ನಿಮ್ಮ ಏರಿಕೆಯ ಮುಂದಿರುವ ಸಂಖ್ಯೆ ನೋಡಿ.

ಅಡಿಗೆ 3 ಇಂಚು ಏರಿಕೆ: 1.03
ಅಡಿಗೆ 4 ಇಂಚು: 1.05
ಅಡಿಗೆ 5 ಇಂಚು: 1.08
ಅಡಿಗೆ 6 ಇಂಚು: 1.12
ಅಡಿಗೆ 7 ಇಂಚು: 1.16
ಅಡಿಗೆ 8 ಇಂಚು: 1.20
ಅಡಿಗೆ 9 ಇಂಚು: 1.25
ಅಡಿಗೆ 10 ಇಂಚು: 1.30
ಅಡಿಗೆ 12 ಇಂಚು: 1.41

ಮೊದಲ ಹೆಜ್ಜೆಯಲ್ಲಿ ಬಂದ ಚದರ ಅಡಿಯನ್ನು ಈ ಸಂಖ್ಯೆಯಿಂದ ಗುಣಿಸಿದರೆ ಮಾಡಿನ ನಿಜವಾದ ವಿಸ್ತೀರ್ಣ ಬಂದುಬಿಡುತ್ತದೆ. ನಮ್ಮದು 792ನ್ನು 1.16ರಿಂದ ಗುಣಿಸಿ 919 ಚದರ ಅಡಿ. ಅಂದರೆ ಒಂಬತ್ತು ಚದರಕ್ಕೂ ಸ್ವಲ್ಪ ಹೆಚ್ಚು. ಆರು ಎಲ್ಲಿ, ಒಂಬತ್ತು ಎಲ್ಲಿ! ನಮಗೆ ಹೆಂಚು ಸಾಲದೆ ಹೋದದ್ದರಲ್ಲಿ ಆಶ್ಚರ್ಯವೇನಿದೆ?

ಈ ಪಟ್ಟಿ ಎಲ್ಲಿಂದ ಬಂತು ಎಂದು ಕೇಳಬಹುದು. ಮೇಸ್ತ್ರಿಗಳು ಪಾಯ ಹಾಕುವಾಗ ಮೂಲೆ ಸರಿಯಾಗಿದೆಯೇ ಎಂದು ನೋಡಲು ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿ ಗುರುತು ಮಾಡಿ, ಕರ್ಣ ಐದಡಿ ಬರುತ್ತದೆಯೇ ಎಂದು ಹಿಡಿಯುವುದನ್ನು ನೋಡಿರುತ್ತೀರಿ. ಅದೇ ಲೆಕ್ಕ ಇಲ್ಲೂ. ನಾಲ್ಕಡಿ ಅಡ್ಡ ಹೋಗಿ ಮೂರಡಿ ಏರಿದರೆ ಇಳಿಜಾರಿನ ಉದ್ದ ಐದಡಿ. ನಾಲ್ಕಕ್ಕೆ ಐದು ಎಂದರೆ ಒಂದಕ್ಕೆ 1.25. ನಾಲ್ಕಡಿಗೆ ಮೂರಡಿ ಏರಿಕೆ ಎಂದರೆ ಅಡಿಗೆ 9 ಇಂಚು. ಪಟ್ಟಿಯಲ್ಲಿ 9 ಇಂಚಿನ ಮುಂದೆ ಇರುವುದೂ ಅದೇ ಸಂಖ್ಯೆ.

ಇನ್ನೊಂದು ಅನುಕೂಲ ಇದೆ. ನಿಮ್ಮ ಮಾಡು ಎರಡು ಮಗ್ಗುಲಿನದ್ದಾಗಲಿ, ನಾಲ್ಕೂ ಕಡೆ ಇಳಿದದ್ದಾಗಲಿ, ಎಲ್ಲ ಕಡೆ ಇಳಿಜಾರು ಒಂದೇ ಆಗಿದ್ದರೆ ಲೆಕ್ಕ ಇದೇ. ತ್ರಿಕೋನಗಳನ್ನು ಬೇರೆ ಬೇರೆ ಅಳೆಯುವ ತಾಪತ್ರಯವಿಲ್ಲ. ಆದರೆ ಮುಂದಿನ ಜಗಲಿಯ ಮಾಡಿನ ಇಳಿಜಾರು ಬೇರೆ ಇದ್ದರೆ ಅದನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿ ಕೊನೆಗೆ ಕೂಡಿಸಿ.

ಮೂರನೇ ಹೆಜ್ಜೆ: ನಿಮ್ಮ ಹೆಂಚು ಎಷ್ಟು ಮುಚ್ಚುತ್ತದೆ?

ನಾವು ಮಂಗಳೂರು ಹೆಂಚು ಎನ್ನುವುದು 1860ರ ದಶಕದಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ತಯಾರಿಸಲು ಶುರು ಮಾಡಿದ ಹೆಂಚು. ಅದಕ್ಕೆ ಮುಂಚೆ ನಮ್ಮ ಕಡೆ ಮನೆಗಳಿಗೆ ಇದ್ದದ್ದು ಕುಂಬಾರರ ನಾಡಹೆಂಚು, ಹುಲ್ಲು, ಅಡಿಕೆ ಸೋಗೆ. ಮಂಗಳೂರು ಹೆಂಚಿನ ವಿಶೇಷವೆಂದರೆ ಒಂದರ ಅಂಚು ಇನ್ನೊಂದರ ಗಾಡಿಯಲ್ಲಿ ಕೂರುತ್ತದೆ, ಹಿಂಬದಿಯ ಹಲ್ಲು ರೀಪಿಗೆ ಸಿಕ್ಕಿಕೊಳ್ಳುತ್ತದೆ. ಹೀಗೆ ಕೂರುವುದರಿಂದ ಹೆಂಚಿನ ಪೂರ್ತಿ ಅಳತೆ ಮಾಡನ್ನು ಮುಚ್ಚುವುದಿಲ್ಲ. ಒಂದು ಭಾಗ ಪಕ್ಕದ ಹೆಂಚಿನ ಕೆಳಗೋ ಮೇಲೋ ಸೇರಿಹೋಗುತ್ತದೆ. ಲೆಕ್ಕಕ್ಕೆ ಬೇಕಾದದ್ದು ಹೊರಗೆ ಕಾಣುವ ಅಳತೆ ಮಾತ್ರ.

ಸರ್ಕಾರದ ಮಾನಕವಾದ ಐಎಸ್ 654ರಲ್ಲೇ ಮಂಗಳೂರು ಹೆಂಚಿಗೆ ಒಂದಕ್ಕಿಂತ ಹೆಚ್ಚು ಅಳತೆಗಳಿವೆ. 410 ಮಿಲಿಮೀಟರ್ ಉದ್ದ, 235 ಅಗಲದ್ದೂ ಇದೆ, ಅದಕ್ಕಿಂತ ದೊಡ್ಡದೂ ಇದೆ. ಆದ್ದರಿಂದ "ಚದರಕ್ಕೆ ಇಷ್ಟು" ಎಂಬ ಬಾಯಿಮಾತನ್ನು ನಂಬುವ ಬದಲು ಅಂಗಡಿಯಲ್ಲೇ ಅಳೆದು ನೋಡಿ. ಹನ್ನೊಂದು ಹೆಂಚುಗಳನ್ನು ಅಂಚಿಗೆ ಅಂಚು ಕೂಡಿಸಿ ನೆಲದ ಮೇಲೆ ಸಾಲಾಗಿ ಇಡಿಸಿ. ಮೊದಲ ಹೆಂಚಿನ ಎಡ ಅಂಚಿನಿಂದ ಹನ್ನೊಂದನೇ ಹೆಂಚಿನ ಎಡ ಅಂಚಿಗೆ ಅಳೆದು ಹತ್ತರಿಂದ ಭಾಗಿಸಿ. ಇದು ಒಂದು ಹೆಂಚು ಮುಚ್ಚುವ ಅಗಲ. ಹಾಗೆಯೇ ಮೇಲೆ ಕೆಳಗೆ ಕೂಡಿಸಿ ಇಟ್ಟು ಅಳೆದರೆ ಮುಚ್ಚುವ ಉದ್ದ ಸಿಗುತ್ತದೆ.

ನಾವು ತಂದ ಹೆಂಚಿನಲ್ಲಿ ಅಗಲ 8 ಇಂಚು, ಉದ್ದ ಹನ್ನೆರಡೂವರೆ ಇಂಚು ಬಂತು. ಗುಣಿಸಿದರೆ 100 ಚದರ ಇಂಚು. ಒಂದು ಚದರ ಅಡಿಯಲ್ಲಿ 144 ಚದರ ಇಂಚು ಇರುವುದರಿಂದ ಒಂದು ಚದರ ಮಾಡಿಗೆ 144 ಹೆಂಚು ಬೇಕು. ಅಂಗಡಿಯವರು ಹೇಳುವ 150 ಇದಕ್ಕೆ ಹತ್ತಿರವೇ ಇದೆ. ಅವರ ಸೂತ್ರ ಸರಿಯಾಗಿಯೇ ಇತ್ತು. ನಾವು ಕೊಟ್ಟ ಚದರವೇ ತಪ್ಪಿತ್ತು.

ನಾಲ್ಕನೇ ಹೆಜ್ಜೆ: ಸಾಲು ಎಣಿಸಿ

ಚದರದ ಲೆಕ್ಕ ಅಂದಾಜಿಗೆ ಒಳ್ಳೆಯದು. ದುಡ್ಡು ಕೊಡುವ ಮುಂಚೆ ಸಾಲಿನ ಲೆಕ್ಕವನ್ನೂ ಹಾಕಿ, ಏಕೆಂದರೆ ಅರ್ಧ ಸಾಲಿಗೂ ಇಡೀ ಹೆಂಚೇ ಬೇಕು.

ನಮ್ಮ ಮಾಡಿನ ಒಂದು ಮಗ್ಗುಲು ಅಡ್ಡಕ್ಕೆ 12 ಅಡಿ, ಏರಿಕೆ 7 ಅಡಿ. ಇಳಿಜಾರಿನ ಉದ್ದ 12ನ್ನು 1.16ರಿಂದ ಗುಣಿಸಿ ಸುಮಾರು 14 ಅಡಿ, ಅಂದರೆ 168 ಇಂಚು. ಅದನ್ನು ಹನ್ನೆರಡೂವರೆಯಿಂದ ಭಾಗಿಸಿದರೆ ಹದಿಮೂರೂವರೆಗೆ ಸ್ವಲ್ಪ ಕಡಿಮೆ. ಅರ್ಧ ಸಾಲು ಎಂಬುದಿಲ್ಲವಲ್ಲ, 14 ಸಾಲು. ಮಾಡಿನ ಉದ್ದ 33 ಅಡಿ, ಅಂದರೆ 396 ಇಂಚು. 8ರಿಂದ ಭಾಗಿಸಿದರೆ ನಲವತ್ತೊಂಬತ್ತೂವರೆ, ಎಂದರೆ ಸಾಲಿಗೆ 50 ಹೆಂಚು. 14 ಸಾಲು, ಸಾಲಿಗೆ 50, ಒಂದು ಮಗ್ಗುಲಿಗೆ 700. ಎರಡು ಮಗ್ಗುಲಿಗೆ 1,400.

ಇಲ್ಲಿ ಬಡಗಿಯವರನ್ನು ಒಂದು ಮಾತು ಕೇಳಿ. "ಸೂರನ್ನು ಎರಡು ಮೂರು ಇಂಚು ಹೊಂದಿಸಿದರೆ 13 ಸಾಲಿಗೆ ಕೂರುತ್ತದೆಯೇ?" ಕೂತರೆ ಎರಡೂ ಮಗ್ಗುಲು ಸೇರಿ 100 ಹೆಂಚು ಉಳಿಯಿತು. ಈ ಮಾತು ರೀಪು ಹೊಡೆಯುವ ಮುಂಚೆಯೇ ಆಗಬೇಕು. ಆದರೆ ಹೆಂಚು ಉಳಿಸಲು ರೀಪಿನ ನಡುವಿನ ಅಂತರವನ್ನು ಹಿಗ್ಗಿಸಬೇಡಿ. ಮೇಲಿನ ಹೆಂಚು ಕೆಳಗಿನದರ ಮೇಲೆ ಸರಿಯಾಗಿ ಕೂರದೆ ಸೋರುತ್ತದೆ. ಇಳಿಜಾರನ್ನು ತಗ್ಗಿಸುವುದೂ ಬೇಡ. ನಮ್ಮಂಥ ಮಾಡನ್ನು 7 ಇಂಚಿನಿಂದ 5 ಇಂಚಿಗೆ ಇಳಿಸಿದರೆ ಉಳಿಯುವುದು ಸುಮಾರು 90 ಹೆಂಚು. ಅದಕ್ಕೆ ಬದಲಾಗಿ ಗಾಳಿಮಳೆಯಲ್ಲಿ ನೀರು ಹೆಂಚಿನ ಸಂದಿಯಲ್ಲಿ ಹಿಂದಕ್ಕೆ ಏರಿ ಒಳಗೆ ಬರುತ್ತದೆ.

ಇನ್ನು ನೆತ್ತಿಗೆ, ಅಂದರೆ ಎರಡು ಮಗ್ಗುಲು ಕೂಡುವಲ್ಲಿ, ಕವುಚಿ ಹಾಕುವ ಹೆಂಚು ಬೇರೆ. ಅದು ಚದರದ ಲೆಕ್ಕದಲ್ಲಿ ಬರುವುದಿಲ್ಲ, ಉದ್ದದ ಲೆಕ್ಕ. ಒಂದು 14 ಇಂಚು ಮುಚ್ಚಿದರೆ ನಮ್ಮ 396 ಇಂಚಿಗೆ 29 ಬೇಕು. ನಾಲ್ಕು ಕಡೆ ಇಳಿದ ಮಾಡಾದರೆ ಮೂಲೆಯ ಏಣುಗಳ ಉದ್ದವನ್ನೂ ಇದಕ್ಕೆ ಸೇರಿಸಬೇಕು. ಅಡುಗೆಮನೆಗೆ, ಕೊಟ್ಟಿಗೆಗೆ ಬೆಳಕಿಗೆಂದು ಗಾಜಿನ ಹೆಂಚು ಹಾಕುವುದಾದರೆ ಅಷ್ಟು ಮಣ್ಣಿನ ಹೆಂಚನ್ನು ಕಳೆಯಿರಿ. ಗಾಜಿನ ಹೆಂಚಿನ ಅಚ್ಚು ನಿಮ್ಮ ಹೆಂಚಿಗೆ ಕೂಡುತ್ತದೆಯೇ ಎಂದು ಅಂಗಡಿಯಲ್ಲೇ ಇಟ್ಟು ನೋಡಿ.

ಐದನೇ ಹೆಜ್ಜೆ: ಒಡೆಯುವುದಕ್ಕೆ ಎಷ್ಟು?

ಲಾರಿಯಿಂದ ಇಳಿಸುವಾಗ, ಮೇಲಕ್ಕೆ ಎಸೆದು ಹಿಡಿಯುವಾಗ ಕೆಲವು ಒಡೆಯುತ್ತವೆ. ಸಾದಾ ಎರಡು ಮಗ್ಗುಲಿನ ಮಾಡಿಗೆ ನೂರಕ್ಕೆ ಐದು ಹೆಚ್ಚು ತನ್ನಿ. ನಾಲ್ಕು ಮಗ್ಗುಲಿನ ಮಾಡಾದರೆ, ಇಲ್ಲವೇ ಎರಡು ಮಾಡು ಕೂಡುವ ಮೂಲೆ ಇದ್ದರೆ, ಅಲ್ಲಿ ಹೆಂಚನ್ನು ಓರೆಯಾಗಿ ಕತ್ತರಿಸಬೇಕು. ಅದಕ್ಕೆ ನೂರಕ್ಕೆ ಹತ್ತು ಇಟ್ಟುಕೊಳ್ಳಿ. ನಮ್ಮ 1,400ಕ್ಕೆ 70 ಸೇರಿ 1,470. ಕೆಲಸ ಮುಗಿದ ಮೇಲೆ ಉಳಿದದ್ದನ್ನು ಯಾರಿಗೂ ಕೊಟ್ಟುಬಿಡಬೇಡಿ. ಕಾಡಿನಂಚಿನ ನಮ್ಮ ಊರುಗಳಲ್ಲಿ ಕೋತಿಗಳು ಪ್ರತಿ ವರ್ಷ ಹತ್ತಿಪ್ಪತ್ತು ಹೆಂಚು ಒಡೆಯುತ್ತವೆ. ಆಗ ಅದೇ ಅಚ್ಚಿನ ಹೆಂಚು ಮನೆಯಲ್ಲಿದ್ದರೆ ಹತ್ತು ನಿಮಿಷದ ಕೆಲಸ.

ಈಗ ತೂಗಿ ನೋಡಿ. ನಮಗೆ ಬೇಕಾದದ್ದು 1,400, ತಂದದ್ದು 950. ಕೊರತೆ 450 ಹೆಂಚು. ಒಂದು ಹೆಂಚಿಗೆ ಒಂದು ಲೀಟರ್ ಹಾಲಿನ ದುಡ್ಡು ಎಂದಿಟ್ಟುಕೊಂಡರೂ ದಿನಕ್ಕೆ ಒಂಬತ್ತು ಲೀಟರ್ ಕೊಡುವ ಹಸುವಿನ ಐವತ್ತು ದಿನದ ಹಾಲು. ಆ ದುಡ್ಡನ್ನು ಹೇಗಿದ್ದರೂ ಕೊಡಲೇಬೇಕಿತ್ತು. ಆದರೆ ಮೊದಲೇ ಗೊತ್ತಿದ್ದರೆ ಅದನ್ನು ಹೊಂದಿಸಿಕೊಂಡು ಕೆಲಸ ಹಿಡಿಯುತ್ತಿದ್ದೆವು, ಮಾಡು ಬಿಚ್ಚಿಟ್ಟು ಸಾಲಕ್ಕೆ ಓಡುತ್ತಿರಲಿಲ್ಲ.

ಹಳೆಯ ಮಾಡನ್ನೇ ಕೇಳಿ

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಸರಿಯಾಗಿದೆಯೇ ಎಂಬ ಅನುಮಾನವೇ? ಈಗಿರುವ ಮಾಡು ಬಿಚ್ಚುವ ಮುಂಚೆ ಅಂಗಳದಲ್ಲಿ ನಿಂತು ಸಾಲು ಎಷ್ಟು, ಒಂದು ಸಾಲಿಗೆ ಹೆಂಚು ಎಷ್ಟು ಎಂದು ಎಣಿಸಿ ಗುಣಿಸಿ. ಅದೇ ಅಳತೆಯ ಹೆಂಚಾದರೆ ಉತ್ತರ ಅಲ್ಲೇ ಇದೆ. ನಮ್ಮ ಮನೆಯಲ್ಲಿ ಬಿಚ್ಚುವ ಮುಂಚೆ ಯಾರೂ ಎಣಿಸಲಿಲ್ಲ. ಐದು ನಿಮಿಷದ ಕೆಲಸವಾಗಿತ್ತು.

ಹಳೆಯ ಹೆಂಚೆಲ್ಲ ಕೆಟ್ಟಿರುವುದಿಲ್ಲ. ಇಳಿಸಿದ ಮೇಲೆ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗಂಟೆಯಂತೆ ನಾದ ಬಂದರೆ ಗಟ್ಟಿ, ಬದ್ದ ಸದ್ದು ಬಂದರೆ ಬಿರುಕು ಬಿಟ್ಟಿದೆ. ಒಳ್ಳೆಯವನ್ನು ಪಾಚಿ ಉಜ್ಜಿ ತೊಳೆದು ಎಣಿಸಿ. ಹಳೆಯದನ್ನೂ ಹೊಸದನ್ನೂ ಒಂದೇ ಸಾಲಿನಲ್ಲಿ ಬೆರೆಸಬೇಡಿ, ಕಾರ್ಖಾನೆ ಬೇರೆಯಾದರೆ ಅಂಚು ಕೂಡುವುದಿಲ್ಲ. ಮನೆಯ ಒಂದು ಮಗ್ಗುಲಿಗೆ ಪೂರ್ತಿ ಹಳೆಯದು, ಇನ್ನೊಂದಕ್ಕೆ ಪೂರ್ತಿ ಹೊಸದು ಹಾಕಬಹುದು. ಇಲ್ಲವೇ ಹಳೆಯದನ್ನೆಲ್ಲ ಕೊಟ್ಟಿಗೆಗೆ ಹೊದಿಸಬಹುದು.

ಹೊಸ ಹೆಂಚಿಗೂ ಒಂದು ಪರೀಕ್ಷೆ ಇದೆ. ಒಣ ಹೆಂಚನ್ನು ತೂಕ ಮಾಡಿ. ಒಂದು ದಿನ ಪೂರ್ತಿ ನೀರಿನಲ್ಲಿ ಮುಳುಗಿಸಿಟ್ಟು, ಮೇಲಿನ ನೀರು ಒರೆಸಿ ಮತ್ತೆ ತೂಕ ಮಾಡಿ. ಐಎಸ್ 654ರ ಪ್ರಕಾರ ಎರಡನೇ ದರ್ಜೆಯ ಹೆಂಚು ಕೂಡ ತನ್ನ ತೂಕದ ನೂರಕ್ಕೆ 20 ಭಾಗಕ್ಕಿಂತ ಹೆಚ್ಚು ನೀರು ಕುಡಿಯಬಾರದು, ಮೊದಲ ದರ್ಜೆಯದ್ದು 18 ಭಾಗ. ಎರಡೂವರೆ ಕಿಲೋ ಹೆಂಚು ನೆನೆದ ಮೇಲೆ ಮೂರು ಕಿಲೋ ದಾಟಿದರೆ ಬೇಡ ಎನ್ನಿ. ಹಾಗೆ ನೀರು ಕುಡಿಯುವ ಹೆಂಚು ಮಳೆಗಾಲದಲ್ಲಿ ಮಾಡಿನ ಭಾರವನ್ನೂ ಹೆಚ್ಚಿಸುತ್ತದೆ. 1,400 ಹೆಂಚು ಎಂದರೆ ಒಣಗಿದ್ದಾಗಲೇ ಮೂರೂವರೆ ಟನ್. ಪಕಾಸು, ತೊಲೆ ಅದನ್ನು ಹೊರುತ್ತವೆಯೇ, ಗೆದ್ದಲು ಒಳಗೆ ತಿಂದಿದೆಯೇ ಎಂದು ಹೆಂಚು ಇಳಿಸಿದ ದಿನವೇ ಚುಚ್ಚಿ ನೋಡಿಸಿ.

ಕೊಟ್ಟಿಗೆಗೆ ಶೀಟಾದರೆ

ಶೀಟಿಗೂ ಮೊದಲ ಎರಡು ಹೆಜ್ಜೆ ಅವೇ. 30 ಅಡಿ ಉದ್ದ, 12 ಅಡಿ ಅಗಲದ ಒಂದೇ ಇಳಿಜಾರಿನ ಕೊಟ್ಟಿಗೆ ಎಂದಿಟ್ಟುಕೊಳ್ಳಿ. ನಾಲ್ಕೂ ಕಡೆ ಒಂದಡಿ ಸೂರು ಬಿಟ್ಟರೆ 32 ಅಡಿ, 14 ಅಡಿ. ಏರಿಕೆ ಅಡಿಗೆ 3 ಇಂಚಾದರೆ 14ನ್ನು 1.03ರಿಂದ ಗುಣಿಸಿ ಸುಮಾರು ಹದಿನಾಲ್ಕೂವರೆ ಅಡಿ. ಬಣ್ಣದ ತಗಡಿನ ಶೀಟು ಒಂದರ ಮೇಲೊಂದು ಅಂಚು ಕೂರಿಸಿದ ಮೇಲೆ ಮೂರೂಕಾಲು ಅಡಿ ಮುಚ್ಚುತ್ತದೆ ಎಂದರೆ 32 ಅಡಿಗೆ 10 ಶೀಟು, ಪ್ರತಿಯೊಂದೂ ಹದಿನಾಲ್ಕೂವರೆ ಅಡಿ ಉದ್ದ. ಅಷ್ಟು ಉದ್ದಕ್ಕೆ ಕತ್ತರಿಸಿ ಕೊಡುವವರಿದ್ದರೆ ನಡುವೆ ಜೋಡಣೆಯೇ ಬೇಡ.

ಆದರೆ ತಗಡು ಬಿಸಿಲಿಗೆ ಕಾಯುತ್ತದೆ. 25–26 ಡಿಗ್ರಿ ಸೆಲ್ಸಿಯಸ್ ದಾಟಿದರೆ ಎಚ್‌ಎಫ್ ಹಸುವಿಗೆ ಸೆಕೆ ತಟ್ಟತೊಡಗುತ್ತದೆ. ಮೇವು ತಿನ್ನುವುದು ಕಡಿಮೆಯಾಗುತ್ತದೆ, ಹಾಲು ಇಳಿಯುತ್ತದೆ. ಜಗಳೂರಿನ ಕಡೆಯ ಬಿಸಿಲಿಗಂತೂ ಕೇಳುವುದೇ ಬೇಡ. ತಗಡೇ ಹಾಕುವುದಾದರೆ ಮಾಡನ್ನು ಎತ್ತರಿಸಿ, ಬೇಸಿಗೆಯಲ್ಲಿ ಮೇಲೆ ಅಡಿಕೆ ಸೋಗೆ ಅಥವಾ ತೆಂಗಿನ ಗರಿ ಹೊದಿಸಿ, ಇಲ್ಲವೇ ಸುಣ್ಣ ಬಳಿಯಿರಿ. ಹಳೆಯ ಗಟ್ಟಿ ಹೆಂಚು ನಿಮ್ಮಲ್ಲಿದ್ದರೆ ಕೊಟ್ಟಿಗೆಗೆ ಅದೇ ತಂಪು.

ಹಳೆಯ ಸಿಮೆಂಟ್ ಶೀಟು ಇಳಿಸುವವರಿಗೆ ಒಂದು ಎಚ್ಚರಿಕೆ. ಅದರಲ್ಲಿ ಕಲ್ನಾರು ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಸೇರಿದರೆ ವರ್ಷಗಳ ನಂತರ ಕ್ಯಾನ್ಸರಿನಂಥ ರೋಗ ಬರಬಹುದು. ಅದನ್ನು ಒಡೆಯಬೇಡಿ, ಗರಗಸ ಹಾಕಬೇಡಿ. ನೀರು ಚಿಮುಕಿಸಿ ಇಡಿಯಾಗಿ ಇಳಿಸಿ. ಬಿದ್ದ ಚೂರನ್ನು ಒಣಗಿದ್ದಾಗ ಗುಡಿಸುವ ಕೆಲಸ ಮನೆಯ ಹೆಂಗಸರ ಪಾಲಿಗೇ ಬರುತ್ತದೆ. ಆದ್ದರಿಂದ ಒದ್ದೆ ಮಾಡಿ, ಮೂಗುಬಾಯಿಗೆ ಮಾಸ್ಕ್ ಹಾಕಿಕೊಂಡು ತೆಗೆಯಿರಿ. ತಿಪ್ಪೆಗೆ, ಗೋದಲಿಯ ಹತ್ತಿರಕ್ಕೆ ಹಾಕಬೇಡಿ.

ಕೂಲಿ ಮಾತಾಡುವಾಗ

ಕೂಲಿಯನ್ನೂ ಚದರದ ಲೆಕ್ಕದಲ್ಲೇ ಮಾತಾಡುತ್ತಾರೆ. ಮಾಡಿನ ಚದರಕ್ಕೆ ಇಷ್ಟು ಎಂದರೆ ನಮ್ಮ ಮನೆಗೆ ಒಂಬತ್ತೂಕಾಲು ಚದರದ ಕೂಲಿ ನ್ಯಾಯವೇ. "ಮನೆ ಆರೇ ಚದರ, ಒಂಬತ್ತು ಯಾಕೆ?" ಎಂದು ಜಗಳಕ್ಕೆ ನಿಲ್ಲಬೇಡಿ. ಅದೇ ಮನೆಗೆ ಯಾರಾದರೂ ಹನ್ನೆರಡು ಚದರ ಎಂದರೆ ನಿಮ್ಮ ಕಾಗದ ತೆಗೆದು ತೋರಿಸಿ. ಹಳೆಯದು ಇಳಿಸುವುದು, ರೀಪು ಹೊಡೆಯುವುದು, ಹೆಂಚನ್ನು ಲಾರಿಯಿಂದ ಇಳಿಸುವುದು ಕೂಲಿಯಲ್ಲಿ ಸೇರಿದೆಯೇ ಎಂದು ಮೊದಲೇ ಬರೆದುಕೊಳ್ಳಿ. ರೀಪಿನ ಲೆಕ್ಕವೂ ಸುಲಭ: ಸಾಲಿಗಿಂತ ಒಂದು ಹೆಚ್ಚು ರೀಪು, ಮಾಡಿನ ಉದ್ದಕ್ಕೆ. ನಮ್ಮಲ್ಲಿ ಮಗ್ಗುಲಿಗೆ 15, ಎರಡು ಮಗ್ಗುಲಿಗೆ 30, ಒಂದೊಂದು 33 ಅಡಿ, ಒಟ್ಟು 990 ಅಡಿ ರೀಪು.

ಹೆಂಚೆಲ್ಲ ಒಂದೇ ಸಲ, ಒಂದೇ ಕಾರ್ಖಾನೆಯದ್ದು ಬರಲಿ. ಹಿಂಬದಿಯ ಮುದ್ರೆ ನೋಡಿ ಇಳಿಸಿಕೊಳ್ಳಿ. ಅಡಿಕೆ ಕೊಯ್ಲು ಮುಗಿದು ಭರಣಿ ಮಳೆ ಶುರುವಾಗುವ ಮುಂಚಿನ ದಿನಗಳೇ ಈ ಕೆಲಸಕ್ಕೆ ಸರಿ. ಪೂರ್ತಿ ಹೆಂಚು ಅಂಗಳಕ್ಕೆ ಬಂದು, ನೀವು ಎಣಿಸಿದ ಮೇಲೆಯೇ ಹಳೆಯ ಮಾಡಿಗೆ ಕೈ ಹಾಕಿಸಿ. ಕೆಲಸದ ದಿನ ಹಸು ಕರುಗಳನ್ನು ಬೇರೆ ಕಡೆ ಕಟ್ಟಿ. ಹಿಂಡಿ ಚೀಲವನ್ನು ಹಲಗೆಯ ಮೇಲಿಟ್ಟು ಮುಚ್ಚಿ. ನೆನೆದು ಬೂಸ್ಟು ಬಂದ ಹಿಂಡಿಯನ್ನು ತೊಳೆದು ಒಣಗಿಸಿ ಹಾಕಬೇಡಿ. ಬೂಸ್ಟಿನ ವಿಷ ಹಸುವಿನ ಹೊಟ್ಟೆಯಿಂದ ಹಾಲಿಗೂ ಇಳಿಯುತ್ತದೆ.

ಪಾಸ್‌ಪುಸ್ತಕದ ಹಿಂದೆ ಬರೆದಿಡಿ

1. ಸೂರು ಸೇರಿ ಉದ್ದ ಎಷ್ಟು ಅಡಿ, ಅಗಲ ಎಷ್ಟು ಅಡಿ? ಗುಣಿಸಿ.
2. ಅಡಿಗೆ ಏರಿಕೆ ಎಷ್ಟು ಇಂಚು? ಪಟ್ಟಿಯ ಸಂಖ್ಯೆಯಿಂದ ಗುಣಿಸಿ. 100ರಿಂದ ಭಾಗಿಸಿದರೆ ಮಾಡಿನ ಚದರ.
3. ಒಂದು ಹೆಂಚು ಮುಚ್ಚುವ ಅಗಲ, ಉದ್ದ ಎಷ್ಟು ಇಂಚು?
4. ಸಾಲು ಎಷ್ಟು, ಸಾಲಿಗೆ ಹೆಂಚು ಎಷ್ಟು, ಮಗ್ಗುಲು ಎಷ್ಟು? ಗುಣಿಸಿ. ಅರ್ಧ ಬಂದರೆ ಮುಂದಿನ ಪೂರ್ಣ ಸಂಖ್ಯೆ ಹಿಡಿಯಿರಿ.
5. ನೂರಕ್ಕೆ ಐದು, ಮೂಲೆಗಳಿದ್ದರೆ ಹತ್ತು ಸೇರಿಸಿ.
6. ನೆತ್ತಿಯ ಹೆಂಚು ಬೇರೆಯಾಗಿ.
7. ಹಳೆಯ ಮಾಡಿನ ಸಾಲು ಎಣಿಸಿ ತಾಳೆ ನೋಡಿ.

ಮೊದಲ ಸಾಲಿನಲ್ಲಿ ಬಂದ ಅಂಕಿ ಇನ್ನೊಂದು ಕೆಲಸಕ್ಕೂ ಬರುತ್ತದೆ. ಮಾಡಿನ ಮೇಲೆ ಬೀಳುವ ಮಳೆಯ ಲೆಕ್ಕಕ್ಕೆ ಇಳಿಜಾರು ಸೇರಿಸಬಾರದು, ಸೂರು ಸೇರಿಸಿದ ಮಟ್ಟದ ಅಳತೆಯೇ ಸಾಕು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ನಮ್ಮ 792 ಚದರ ಅಡಿ ಎಂದರೆ ಸುಮಾರು 73 ಚದರ ಮೀಟರ್. ಹತ್ತು ಮಿಲಿಮೀಟರ್ ಮಳೆಗೆ 700 ಲೀಟರ್ ದಾಟುತ್ತದೆ. ಸೂರಿಗೆ ಒಂದು ದೋಣಿ ಕಟ್ಟಿ ತೊಟ್ಟಿಗೆ ಬಿಟ್ಟುಕೊಂಡರೆ, ಚೆಲ್ಲಿ ಹೋದದ್ದು ಕಳೆದೂ ಕೊಟ್ಟಿಗೆ ತೊಳೆಯಲು ಕೆಲವು ದಿನ ಮೋಟಾರು ಹಾಕುವುದು ತಪ್ಪುತ್ತದೆ.

ನಮ್ಮ ಮನೆಯ ಆ ಸೋರುವ ಸಾಲನ್ನು ಬರುವ ಬೇಸಿಗೆಯಲ್ಲಿ ಬಿಚ್ಚಿಸಿ ಸರಿ ಮಾಡಿಸಬೇಕೆಂದಿದ್ದೇವೆ. ಈ ಸಲ ಸಾಲು, ಹೆಂಚು ಎಲ್ಲ ನಾನೇ ಎಣಿಸಿ ಬರೆದಿಟ್ಟಿದ್ದೇನೆ. ನೀವೂ ಹೆಂಚಿನ ಅಂಗಡಿಗೆ ಹೋದಾಗ "ಎಷ್ಟು ಚದರ?" ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಿ: "ನೆಲದ ಚದರವೋ, ಮಾಡಿನ ಚದರವೋ?"